ದಿನ ತುಂಬದೆ ಹುಟ್ಟಿದ ಮಗು ಶಾಲೆಯ ಹೊಸ್ತಿಲಲ್ಲಿ

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಬಸಿರು ತುಂಬಲು 40 ವಾರ. 37 ವಾರ ಮುಗಿಯುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಗೋಣಿಬೀಡು, ಮೂಡಿಗೆರೆ, ಕಳಸದ ಕಡೆಯ ಮನೆಗಳಲ್ಲಿ ಅದು ದಿನ ತುಂಬದ ಕೂಸು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ 1.34 ಕೋಟಿ ಮಕ್ಕಳು ಹೀಗೆ ಹುಟ್ಟಿದರು. ಹುಟ್ಟುವ ಹತ್ತು ಮಕ್ಕಳಲ್ಲಿ ಒಂದು. ಅವರಲ್ಲಿ ಸುಮಾರು 30 ಲಕ್ಷ ಮಕ್ಕಳು ಭಾರತದವರು. ಬೇರೆ ಯಾವ ದೇಶದಲ್ಲೂ ಇಷ್ಟು ಸಂಖ್ಯೆ ಇಲ್ಲ.

ಒಂದು ತಲೆಮಾರಿನ ಹಿಂದೆ ಇಂಥ ಮಗುವಿನ ಬಗ್ಗೆ ಕೇಳುತ್ತಿದ್ದ ಪ್ರಶ್ನೆ ಒಂದೇ, ಉಳಿಯುತ್ತದೆಯೇ ಎಂದು. ಇಂದು ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. 2008ರಿಂದ 108 ಆಂಬುಲೆನ್ಸ್ ಓಡಾಡುತ್ತಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕಗಳಿವೆ. ಕಾಫಿ ಸೀಮೆಯ ಹಳ್ಳಿಯಲ್ಲಿ ಬೇನೆ ಬೇಗ ಬಂದರೆ ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಚಿಕ್ಕಮಗಳೂರು ಇಲ್ಲವೇ ಹಾಸನ ಎನ್ನುವ ದಾರಿ ಈಗ ಎಲ್ಲರಿಗೂ ಗೊತ್ತು. ಹೀಗೆ ಬೆಚ್ಚಗಿಡುವ ‘ಪೆಟ್ಟಿಗೆಯಲ್ಲಿ ಇಟ್ಟು’ ಉಳಿಸಿಕೊಂಡ ಮಕ್ಕಳು ಬೆಳೆದು ಅಂಗನವಾಡಿಗೆ, ಒಂದನೇ ಕ್ಲಾಸಿಗೆ ಬರುತ್ತಿದ್ದಾರೆ. ಉಳಿಸಿಕೊಳ್ಳುವುದರಲ್ಲಿ ತೋರಿದ ಶ್ರದ್ಧೆಯನ್ನು ಆಮೇಲಿನ ಐದಾರು ವರ್ಷಗಳಲ್ಲಿ ಯಾರೂ ತೋರುತ್ತಿಲ್ಲ ಎಂಬುದೇ ಈ ವಿಷಯದ ಮುಖ್ಯ ಕೊರತೆ.

ಎಲ್ಲ ಅವಧಿಪೂರ್ವ ಜನನಗಳೂ ಒಂದೇ ಅಲ್ಲ. 28 ವಾರಕ್ಕೂ ಮುಂಚೆ ಹುಟ್ಟಿದ ಮಗುವಿನ ಹೋರಾಟವೇ ಬೇರೆ, 35ನೇ ವಾರದಲ್ಲಿ ಹುಟ್ಟಿದ್ದರದೇ ಬೇರೆ. ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು 32ರಿಂದ 37 ವಾರಗಳ ನಡುವೆ ಹುಟ್ಟಿದವರು. ಇವರಲ್ಲಿ ಹೆಚ್ಚಿನವರು ನೋಡಲು ಗುಂಡಗಿರುತ್ತಾರೆ, ಕೆಲವೇ ದಿನಗಳಲ್ಲಿ ಮನೆಗೆ ಬರುತ್ತಾರೆ, ಹಾಗಾಗಿ ಎಲ್ಲರೂ ಮರೆತುಬಿಡುವುದೂ ಇವರನ್ನೇ. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂಬ ಹಳೆಯ ನಂಬಿಕೆ ಇನ್ನೂ ಅಲ್ಲಲ್ಲಿ ಕೇಳಿಬರುತ್ತದೆ. ಅದು ಪೂರ್ತಿ ತಪ್ಪು. ಹೊಟ್ಟೆಯಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ.

ಕಡಿಮೆ ತೂಕ ಮತ್ತು ದಿನ ತುಂಬದಿರುವುದು ಬೇರೆ ಬೇರೆ ಸಂಗತಿಗಳು ಎಂಬುದನ್ನೂ ಇಲ್ಲೇ ಹೇಳಬೇಕು. ಎರಡೂವರೆ ಕಿಲೋಗಿಂತ ಕಡಿಮೆ ಇರುವ ಮಗು ದಿನ ತುಂಬಿಯೇ ಹುಟ್ಟಿರಬಹುದು. ತಾಯಿಯ ರಕ್ತಹೀನತೆ, ಪೋಷಣೆಯ ಕೊರತೆಯಿಂದ ಹೊಟ್ಟೆಯಲ್ಲೇ ಸೊರಗಿರಬಹುದು. ದಿನವೂ ತುಂಬದೆ, ಇದ್ದ ವಾರಗಳಿಗೆ ತಕ್ಕ ತೂಕವೂ ಇಲ್ಲದೆ ಹುಟ್ಟಿದ ಮಗುವಿಗೆ ಎರಡು ಹೊರೆ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ತಂಡ 1980ರ ದಶಕದ ಕೊನೆಯಲ್ಲಿ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳನ್ನು ಗುರುತಿಸಿ, ಅವರು ಹದಿಹರೆಯಕ್ಕೆ ಬರುವವರೆಗೂ ಬಿಡದೆ ಹಿಂಬಾಲಿಸಿ ನೋಡಿತು. ನಮ್ಮ ದೇಶದಲ್ಲಿ ಇಷ್ಟು ದೀರ್ಘವಾಗಿ ನಡೆದ ಅಧ್ಯಯನಗಳು ಅಪರೂಪ. ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದವರು ಈ ಎರಡು ಹೊರೆ ಹೊತ್ತವರೇ.

ಬೇಗ ಹುಟ್ಟುವುದಕ್ಕೂ ಐದಾರು ವರ್ಷದ ನಂತರದ ಸ್ಲೇಟು ಬಳಪಕ್ಕೂ ಏನು ಸಂಬಂಧ? ಉತ್ತರ ಮಿದುಳಿನ ಬೆಳವಣಿಗೆಯಲ್ಲಿದೆ. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ಮಿದುಳು ಅತ್ಯಂತ ವೇಗವಾಗಿ ಬೆಳೆಯುತ್ತದೆ. ನುಣುಪಾಗಿದ್ದ ಅದರ ಮೇಲ್ಮೈ ಮಡಿಕೆ ಮಡಿಕೆಯಾಗುವುದು ಈ ಕಾಲದಲ್ಲೇ. 34-35ನೇ ವಾರದಲ್ಲಿ ಮಿದುಳಿನ ತೂಕ ದಿನ ತುಂಬಿದಾಗ ಇರಬೇಕಾದ್ದರ ಮೂರನೇ ಎರಡು ಭಾಗದಷ್ಟೇ ಇರುತ್ತದೆ. ಉಳಿದ ಮೂರನೇ ಒಂದು ಭಾಗ ಕೊನೆಯ ಐದಾರು ವಾರಗಳ ಗಳಿಕೆ. ನರತಂತುಗಳ ಸುತ್ತ ಕೊಬ್ಬಿನ ಪೊರೆ ಕಟ್ಟಿಕೊಳ್ಳಲು ಸಿದ್ಧತೆ ನಡೆಯುವುದೂ ಆಗಲೇ. ವಿದ್ಯುತ್ ತಂತಿಗೆ ರಬ್ಬರ್ ಹೊದಿಕೆ ಇದ್ದಂತೆ ಈ ಪೊರೆ. ಅದು ಸರಿಯಾಗಿದ್ದರೆ ಸಂದೇಶ ಚುರುಕಾಗಿ ಓಡುತ್ತದೆ. ಆ ಪೊರೆ ನೇಯುವ ಎಳೆಯ ಜೀವಕೋಶಗಳು 32 ವಾರಕ್ಕೆ ಮುಂಚೆ ಬಹಳ ನಾಜೂಕು. ಆಮ್ಲಜನಕದ ಏರಿಳಿತ, ಸೋಂಕು, ಉರಿಯೂತ ಯಾವುದನ್ನೂ ತಡೆಯಲಾರವು. ತೀರ ಬೇಗ ಹುಟ್ಟಿದವರಲ್ಲಿ ಮಿದುಳಿನ ಒಳಗೆ ರಕ್ತಸ್ರಾವವಾಗುವ ಭಯವೂ ಇರುತ್ತದೆ. ರಕ್ತಸ್ರಾವ ದೊಡ್ಡದಾದರೆ ಕೈಕಾಲು ಬಿಗಿಯುವ ಸೆರೆಬ್ರಲ್ ಪಾಲ್ಸಿಯಂಥ ತೊಂದರೆ ಎದ್ದು ಕಾಣುತ್ತದೆ. ಆದರೆ ಬಹುಪಾಲು ಮಕ್ಕಳಲ್ಲಿ ಆಗುವುದು ಅಂಥ ದೊಡ್ಡ ಗಾಯವಲ್ಲ. ಮಿದುಳಿನ ಭಾಗಗಳ ನಡುವಿನ ಜೋಡಣೆ ಒಂದಿಷ್ಟು ಸಡಿಲವಾಗಿ ಉಳಿಯುತ್ತದೆ, ಅಷ್ಟೇ. ಅದು ತೊಟ್ಟಿಲಲ್ಲಿ ಕಾಣುವುದಿಲ್ಲ, ತರಗತಿಯಲ್ಲಿ ಕಾಣುತ್ತದೆ.

ಶಾಲೆಗೆ ಸಿದ್ಧವಾಗಿದೆ ಎಂದರೆ ಅಕ್ಷರ ಬರುತ್ತದೆ ಎಂದಲ್ಲ. ಒಂದನೇ ಕ್ಲಾಸಿನ ಮೊದಲ ವಾರ ಮಗುವಿನಿಂದ ಏನೇನು ಕೇಳುತ್ತದೆ ಎಂದು ನೋಡಬೇಕು. ಹತ್ತು ನಿಮಿಷ ಕುಳಿತು ಕಥೆ ಕೇಳಬೇಕು. ‘ಚೀಲ ಮೂಲೆಯಲ್ಲಿಟ್ಟು, ತಟ್ಟೆ ತಗೊಂಡು, ಸಾಲಲ್ಲಿ ನಿಲ್ಲು’ ಎಂದರೆ ಮೂರೂ ಮಾತು ನೆನಪಿಟ್ಟುಕೊಂಡು ಅದೇ ಕ್ರಮದಲ್ಲಿ ಮಾಡಬೇಕು. ಅಂಗಿಯ ಗುಂಡಿ ಹಾಕಿಕೊಳ್ಳಬೇಕು, ಚಡ್ಡಿ ಬಿಚ್ಚಿ ಹಾಕಿಕೊಳ್ಳಬೇಕು. ಚೌಕ ನೋಡಿ ಚೌಕ ಬರೆಯಬೇಕು. ಬೇಕಾದದ್ದನ್ನು ಅಳದೆ ಕೇಳಬೇಕು, ಪಕ್ಕದವನ ಸರದಿ ಮುಗಿಯುವವರೆಗೆ ಕಾಯಬೇಕು.

ಅವಧಿಪೂರ್ವ ಮಗು ಎಡವುವುದು ಇಂಥ ಕಡೆಗಳಲ್ಲಿ. ಅಂಗನವಾಡಿಯಲ್ಲಿ ಮಣಿ ಪೋಣಿಸಲು ಕೊಟ್ಟಾಗ ಗಮನಿಸಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಮಗುವಿಗೆ ಮಣಿಯ ತೂತು ಕಾಣುತ್ತದೆ, ದಾರ ಕೈಯಲ್ಲಿದೆ, ಮಾಡುವ ಆಸೆಯೂ ಇದೆ. ಆದರೆ ಕಣ್ಣು ಕಂಡದ್ದನ್ನು ಬೆರಳು ಹಿಡಿಯುವುದಿಲ್ಲ. ದಾರದ ತುದಿ ತೂತಿನ ಪಕ್ಕಕ್ಕೆ ಹೋಗುತ್ತದೆ, ಮತ್ತೆ ಪಕ್ಕಕ್ಕೆ ಹೋಗುತ್ತದೆ. ನಾಲ್ಕನೆಯ ಸಲ ಮಣಿಯನ್ನು ಎಸೆದು ಎದ್ದು ಹೋಗುತ್ತದೆ. ನೋಡುವವರಿಗೆ ಅದು ಹಟ. ನಿಜದಲ್ಲಿ ಅದು ಕಣ್ಣು ಕೈಗಳ ಹೊಂದಾಣಿಕೆಯ ತೊಡಕು. ಪುಣೆಯ ಅಧ್ಯಯನದಲ್ಲಿ ದೊಡ್ಡ ಮಕ್ಕಳಲ್ಲೂ ಉಳಿದುಕೊಂಡಿದ್ದ ತೊಡಕುಗಳಲ್ಲಿ ಇದು ಮುಖ್ಯವಾದದ್ದು.

ಗಮನದ ಸಮಸ್ಯೆ ಇನ್ನೊಂದು. ದಿನ ತುಂಬದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಓಡಾಡಿ ಗದ್ದಲ ಮಾಡುವ ಚಂಚಲತೆಯಲ್ಲ. ಸುಮ್ಮನೆ ಕುಳಿತಲ್ಲೇ ಬೇರೆಲ್ಲೋ ಕಳೆದುಹೋಗುವ ಸ್ವಭಾವ. ಅಂಜಿಕೆ, ಹೊಸಬರ ಜೊತೆ ಬೆರೆಯಲು ಹಿಂಜರಿಕೆ ಅದರ ಜೊತೆಗೇ ಬರುತ್ತವೆ. ಗದ್ದಲ ಮಾಡದ ಕಾರಣ ಇಂಥ ಮಗು ‘ಪಾಪದ್ದು’ ಎನಿಸಿಕೊಂಡು ಹಿಂದಿನ ಸಾಲಿನಲ್ಲಿ ಉಳಿಯುತ್ತದೆ. ಕಲಿಕೆಯಲ್ಲಿ ಓದಿಗಿಂತ ಲೆಕ್ಕ ಹೆಚ್ಚು ಕಷ್ಟ. ಲೆಕ್ಕಕ್ಕೆ ಒಂದು ಸಂಖ್ಯೆಯನ್ನು ಮನಸ್ಸಿನಲ್ಲಿ ಹಿಡಿದಿಟ್ಟು ಇನ್ನೊಂದನ್ನು ಸೇರಿಸಬೇಕು. ಆ ಹಿಡಿತ ಮತ್ತು ವೇಗ ಎರಡೂ ಇವರಲ್ಲಿ ಸ್ವಲ್ಪ ಕಡಿಮೆ.

ಎಷ್ಟು ಕಡಿಮೆ ಎಂಬುದಕ್ಕೆ ಅಂಕಿಗಳಿವೆ. 2002ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಶಾಲಾ ವಯಸ್ಸಿನ ಅವಧಿಪೂರ್ವ ಮಕ್ಕಳ ಬುದ್ಧಿಮತ್ತೆಯ ಅಂಕ ದಿನ ತುಂಬಿ ಹುಟ್ಟಿದವರಿಗಿಂತ ಸರಾಸರಿ 11ರಷ್ಟು ಕಡಿಮೆ ಇತ್ತು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 1995ರಲ್ಲಿ 26 ವಾರಕ್ಕೂ ಮುಂಚೆ ಹುಟ್ಟಿದವರಲ್ಲಿ, ಆರನೆಯ ವಯಸ್ಸಿಗೆ ಸಹಪಾಠಿಗಳೊಂದಿಗೆ ಹೋಲಿಸಿದಾಗ ನೂರರಲ್ಲಿ 41 ಮಕ್ಕಳಿಗೆ ಗಂಭೀರ ಹಿನ್ನಡೆ ಕಂಡಿತು. ಸ್ಕಾಟ್ಲೆಂಡಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ದಾಖಲೆ ಪರಿಶೀಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಮುಖ್ಯ ಸಂಗತಿ ಹೇಳಿತು: ವಿಶೇಷ ನೆರವು ಬೇಕಾಗುವ ಸಾಧ್ಯತೆ 37ನೇ ವಾರಕ್ಕೆ ಥಟ್ಟನೆ ನಿಲ್ಲುವುದಿಲ್ಲ, 40ನೇ ವಾರದವರೆಗೂ ವಾರದಿಂದ ವಾರಕ್ಕೆ ಇಳಿಯುತ್ತ ಹೋಗುತ್ತದೆ. ಒಳ್ಳೆಯ ನಕ್ಷತ್ರ ನೋಡಿಯೋ ಅನುಕೂಲ ನೋಡಿಯೋ, ವೈದ್ಯಕೀಯ ಕಾರಣವಿಲ್ಲದೆ 37ನೇ ವಾರಕ್ಕೇ ಸಿಸೇರಿಯನ್ ಮಾಡಿಸಿಕೊಳ್ಳುವವರು ಇದನ್ನು ತಿಳಿದಿರಬೇಕು.

ಈ ಅಂಕಿಗಳನ್ನು ಓದಿ ಯಾವ ತಾಯಿಯೂ ತನ್ನ ಮಗುವಿನ ಹಣೆಬರಹ ಎಂದುಕೊಳ್ಳಬೇಕಾಗಿಲ್ಲ. ಸರಾಸರಿ ಒಂದು ಗುಂಪಿನದು, ಒಂದು ಮಗುವಿನದಲ್ಲ. 34-35 ವಾರಕ್ಕೆ ಹುಟ್ಟಿದ ಬಹುಪಾಲು ಮಕ್ಕಳು ಓರಗೆಯವರ ಜೊತೆಗೇ ಓದಿ ಬರೆದು ಮುಂದೆ ಹೋಗುತ್ತಾರೆ. ತಾಯಿಯ ವಿದ್ಯೆ, ಮನೆಯ ಮಾತುಕತೆ, ಊಟ, ಆಟ ಇವೆಲ್ಲ ವರ್ಷಗಳು ಕಳೆದಂತೆ ಹುಟ್ಟಿದ ವಾರದಷ್ಟೇ ಮುಖ್ಯವಾಗುತ್ತವೆ.

ಇನ್ನು ವಯಸ್ಸಿನ ಲೆಕ್ಕ. ಶಿಶುವೈದ್ಯರು ಅವಧಿಪೂರ್ವ ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಹುಟ್ಟಿದ ದಿನದಿಂದ ಎಣಿಸದೆ, ಹುಟ್ಟಬೇಕಿದ್ದ ದಿನದಿಂದ ಎಣಿಸುತ್ತಾರೆ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಎಂಟು ತಿಂಗಳಾದರೂ ಕೂರದಿದ್ದರೆ ಅದನ್ನು ಆರು ತಿಂಗಳ ಮಗುವೆಂದೇ ನೋಡಬೇಕು. ಎರಡು ವರ್ಷದ ಮೇಲೆ ಈ ರಿಯಾಯಿತಿ ನಿಲ್ಲುತ್ತದೆ. ಶಾಲೆಗಂತೂ ಅದು ಗೊತ್ತೇ ಇಲ್ಲ. ಕರ್ನಾಟಕ ಸರ್ಕಾರ 2022ರ ಜುಲೈನಲ್ಲಿ ಹೊರಡಿಸಿದ ಆದೇಶದಂತೆ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. ಒಂದು ಮಗು ಜುಲೈ 20ಕ್ಕೆ ಹುಟ್ಟಬೇಕಿತ್ತು, 31 ವಾರಕ್ಕೇ ಹೆರಿಗೆಯಾಗಿ ಮೇ 18ಕ್ಕೆ ಹುಟ್ಟಿತು ಎಂದುಕೊಳ್ಳೋಣ. ಜನನ ಪ್ರಮಾಣಪತ್ರದ ಪ್ರಕಾರ ಜೂನ್ 1ಕ್ಕೆ ಅದಕ್ಕೆ ಆರು ವರ್ಷ ಎರಡು ವಾರ. ಈ ವರ್ಷವೇ ಶಾಲೆ. ದಿನ ತುಂಬಿ ಹುಟ್ಟಿದ್ದರೆ ಆರು ವರ್ಷಕ್ಕೆ ಇನ್ನೂ ಏಳು ವಾರ ಬಾಕಿ ಇರುತ್ತಿತ್ತು, ಮುಂದಿನ ವರ್ಷ ಶಾಲೆ. ಒಂಬತ್ತು ವಾರ ಬೇಗ ಹುಟ್ಟಿದ ತಪ್ಪಿಗೆ ಮಗು ಇಡೀ ಒಂದು ವರ್ಷ ಮುಂಚೆ ತರಗತಿಗೆ ಬಂದು, ಅಲ್ಲಿ ಎಲ್ಲರಿಗಿಂತ ಎಳೆಯದಾಗಿ ಕುಳಿತುಕೊಳ್ಳುತ್ತದೆ.

ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಲಿನ ಮಕ್ಕಳ ಬಗ್ಗೆ 2013ರಲ್ಲಿ ಬಂದ ಅಧ್ಯಯನ ಇದನ್ನೇ ತೋರಿಸಿತು. ದಿನ ತುಂಬದ ಮಕ್ಕಳ ಹಿನ್ನಡೆಯಲ್ಲಿ ಒಂದು ಪಾಲು ಹೀಗೆ ಬೇಗ ಶಾಲೆ ಸೇರಿದ್ದರಿಂದ ಬಂದದ್ದು. ಹಾಗಾದರೆ ಒಂದು ವರ್ಷ ಮನೆಯಲ್ಲಿ ಇಟ್ಟುಕೊಂಡರೆ ಆಯಿತೇ? ಅದೂ ಸರಿಯಲ್ಲ. ಜರ್ಮನಿಯ ಬವೇರಿಯಾದ ಮಕ್ಕಳನ್ನು ನೋಡಿದಾಗ, ತಡವಾಗಿ ಸೇರಿಸಿದ್ದರಿಂದಲೇ ಅವಧಿಪೂರ್ವ ಮಕ್ಕಳಿಗೆ ಲಾಭವಾದದ್ದು ಕಾಣಲಿಲ್ಲ. ಎರಡನ್ನೂ ಕೂಡಿಸಿ ಓದಿದರೆ ಅರ್ಥ ಸ್ಪಷ್ಟ: ಆ ವರ್ಷ ಖಾಲಿ ಹೋಗಬಾರದು, ಒಳ್ಳೆಯ ಅಂಗನವಾಡಿಯಲ್ಲಿ ಕಳೆಯಬೇಕು. 2025ರ ಏಪ್ರಿಲ್‌ನಲ್ಲಿ ಪೋಷಕರ ಒತ್ತಾಯಕ್ಕೆ ಸರ್ಕಾರ ಆ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಇಳಿಸಿತು. ಅಂಥ ರಿಯಾಯಿತಿ ದಿನ ತುಂಬದ ಮಗುವಿಗೆ ಉಪಕಾರವಲ್ಲ. ಆರು ವರ್ಷದ ನಿಯಮವೇ ಅದರ ಪಾಲಿಗೆ ಹಿತ.

ಕಾಫಿ ಸೀಮೆಯಲ್ಲಿ ಈ ಸಮಸ್ಯೆಗೆ ಊರಿನದೇ ಆದ ಮುಖವಿದೆ. ನವೆಂಬರಿನಿಂದ ಫೆಬ್ರುವರಿ ಕಳೆಯುವವರೆಗೆ ಕುಯ್ಲಿನ ಕಾಲ. ಕಿಲೋ ಲೆಕ್ಕದ ಕೂಲಿ ಇರುವಾಗ ಬಸುರಿಯೂ ಇಡೀ ದಿನ ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ಯುತ್ತಾಳೆ, ತುಂಬಿದ ಚೀಲ ಹೊತ್ತು ತೂಕದ ಜಾಗಕ್ಕೆ ನಡೆಯುತ್ತಾಳೆ. ದೀರ್ಘಕಾಲ ನಿಲ್ಲುವುದು, ಭಾರ ಹೊರುವುದು ಬೇಗ ಹೆರಿಗೆಯಾಗುವ ಅಪಾಯವನ್ನು ಒಂದಿಷ್ಟು ಹೆಚ್ಚಿಸುತ್ತದೆ ಎಂಬುದು ಗೊತ್ತಿರುವ ಸಂಗತಿ. ಎಳೆ ವಯಸ್ಸಿನ ಬಸಿರು, ಒಂದರ ಬೆನ್ನಿಗೆ ಇನ್ನೊಂದು ಬಸಿರು, ರಕ್ತಹೀನತೆ, ಮೂತ್ರದ ಸೋಂಕು, ರಕ್ತದೊತ್ತಡ ಅದಕ್ಕೆ ಸೇರಿಕೊಳ್ಳುತ್ತವೆ. ತಡೆಯುವ ದಾರಿಗಳೂ ಇಲ್ಲದಿಲ್ಲ. ಚೊಚ್ಚಲ ಬಸುರಿಯರಿಗೆ ಕಡಿಮೆ ಪ್ರಮಾಣದ ಆಸ್ಪಿರಿನ್ ಕೊಟ್ಟರೆ ಅವಧಿಪೂರ್ವ ಹೆರಿಗೆ ನೂರಕ್ಕೆ 11ರಷ್ಟು ತಗ್ಗುತ್ತದೆಂದು 2020ರಲ್ಲಿ ತೋರಿಸಿದ ಬಹುರಾಷ್ಟ್ರೀಯ ಅಧ್ಯಯನದಲ್ಲಿ ನಮ್ಮ ಬೆಳಗಾವಿಯ ತಾಯಂದಿರೂ ಇದ್ದರು. ಮಾತ್ರೆ ಯಾರಿಗೆ ಬೇಕು ಎಂಬುದನ್ನು ಮಾತ್ರ ವೈದ್ಯರೇ ಹೇಳಬೇಕು.

ತೋಟದ ಕೂಲಿಕಾರರ ಲೈನ್ ಮನೆಗಳ ಮಕ್ಕಳಿಗೆ ತೊಡಕು ಇನ್ನೂ ಹೆಚ್ಚು. ಉತ್ತರ ಕರ್ನಾಟಕದಿಂದಲೋ ಅಸ್ಸಾಮಿನಿಂದಲೋ ಬಂದ ಕುಟುಂಬ ಕುಯ್ಲು ಮುಗಿದ ಮೇಲೆ ಬೇರೆ ತೋಟಕ್ಕೆ ಹೋಗುತ್ತದೆ; ಬಸುರಿಗೆ ಕೊಡುವ ತಾಯಿ ಕಾರ್ಡ್ ಒಂದೂರಲ್ಲಿ, ಹೆರಿಗೆ ಇನ್ನೊಂದೂರಲ್ಲಿ, ಅಂಗನವಾಡಿ ಮತ್ತೊಂದೂರಲ್ಲಿ. ಮನೆಯಲ್ಲಿ ತುಳು, ತಮಿಳು, ಬ್ಯಾರಿ, ಅಸ್ಸಾಮಿ ಆಡುವ ಮಗು ಅಂಗನವಾಡಿಯಲ್ಲಿ ಮಾತಾಡದಿದ್ದರೆ, ‘ಕನ್ನಡ ಬರೋದಿಲ್ಲ, ಅದಕ್ಕೇ’ ಎಂದು ಬಿಟ್ಟುಬಿಡುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವುದರಿಂದ ಮಾತು ತಡವಾಗುವುದಿಲ್ಲ. ಮನೆಯ ಭಾಷೆಯಲ್ಲೂ ಮಗು ಮೂರು ವರ್ಷಕ್ಕೆ ವಾಕ್ಯ ಕಟ್ಟದಿದ್ದರೆ ಅದರ ಕಿವಿ ಪರೀಕ್ಷೆಯಾಗಬೇಕು. ಮಳೆಗಾಲದ ರಜೆಗಳು, ಕಾಡಾನೆ ಬಂದಿದೆ ಎಂದು ಮಕ್ಕಳನ್ನು ಹೊರಗೆ ಬಿಡದ ದಿನಗಳು ಸೇರಿ ಅಂಗನವಾಡಿಯ ಹಾಜರಿ ಮೊದಲೇ ತೆಳುವಾಗಿರುತ್ತದೆ. ಯಾವ ಮಗುವಿಗೆ ಅಭ್ಯಾಸ ಹೆಚ್ಚು ಬೇಕೋ ಆ ಮಗುವೇ ಅದನ್ನು ಕಳೆದುಕೊಳ್ಳುತ್ತದೆ.

ನೆರವಿನ ಕೆಲಸ ಆಸ್ಪತ್ರೆಯಲ್ಲೇ ಶುರುವಾಗುತ್ತದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಪೆಟ್ಟಿಗೆಗಳು ಸಾಲದಿದ್ದಾಗ, ವೈದ್ಯರು ಮಕ್ಕಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಮಲಗಿಸಿದರು. ಅದೇ ಇಂದಿನ ಕಾಂಗರೂ ಆರೈಕೆ. ಅಲ್ಲಿ ಹೀಗೆ ಬೆಳೆದ ಮಕ್ಕಳನ್ನು ಇಪ್ಪತ್ತು ವರ್ಷದ ಮೇಲೆ ಮತ್ತೆ ನೋಡಿದಾಗ, ಶಾಲೆ ತಪ್ಪಿಸಿದ್ದು ಕಡಿಮೆ, ಚಂಚಲತೆ ಮತ್ತು ಸಿಡುಕು ಕಡಿಮೆ ಎಂದು ಕಂಡುಬಂತು. ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಇದನ್ನು ಆಸ್ಪತ್ರೆಯಿಂದ ಮನೆಯವರೆಗೂ ಮುಂದುವರಿಸುವ ಪ್ರಯತ್ನ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ನೆರವಿನಿಂದ ನಡೆದಿದೆ. ಖರ್ಚಿಲ್ಲದ ಈ ಚಿಕಿತ್ಸೆಯನ್ನು ಅಪ್ಪ, ಅಜ್ಜಿ ಯಾರಾದರೂ ಕೊಡಬಹುದು.

ಎರಡನೆಯದು ಕಣ್ಣು. ಬೇಗ ಹುಟ್ಟಿದ ಮಗುವಿನ ಅಕ್ಷಿಪಟಲದ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡುತನ ಬರಬಹುದು. ಸಮಯಕ್ಕೆ ಲೇಸರ್ ಕೊಟ್ಟರೆ ತಡೆಯಬಹುದು. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕಿಲೋಗಿಂತ ಹಗುರಾದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಬೇಕು, ತೀರ ಚಿಕ್ಕ ಮಕ್ಕಳನ್ನು ಇನ್ನೂ ಬೇಗ. ಈ ವಿಷಯದಲ್ಲಿ ಕರ್ನಾಟಕ ದೇಶಕ್ಕೇ ದಾರಿ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಶಿಶು ಘಟಕಗಳಿಗೆ ಕ್ಯಾಮೆರಾ ಹೊತ್ತು ಹೋಗಿ ಮಕ್ಕಳ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ. ಅಪಾಯ ದಾಟಿದ ಮಕ್ಕಳಿಗೂ ಮುಂದೆ ಸಮೀಪದೃಷ್ಟಿ ಬರುವ ಸಾಧ್ಯತೆ ಹೆಚ್ಚು. ಹಲಗೆ ಕಾಣದ ಮಗುವನ್ನು ದಡ್ಡ ಎನ್ನುವ ಮೊದಲು ಕನ್ನಡಕದ ಪರೀಕ್ಷೆ ಮಾಡಿಸಬೇಕು.

ಮೂರನೆಯದು, ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾದದ್ದು, ಶಾಲೆಗೆ ಮುಂಚಿನ ಕಲಿಕೆ. 1985ರಲ್ಲಿ ಅಮೆರಿಕದ ಎಂಟು ಕಡೆ ಕಡಿಮೆ ತೂಕದ 985 ಅವಧಿಪೂರ್ವ ಮಕ್ಕಳನ್ನು ಆರಿಸಿ, ಅವರಲ್ಲಿ ಒಂದು ಗುಂಪಿಗೆ ಮೂರು ವರ್ಷ ವಿಶೇಷ ಆರೈಕೆ ಕೊಟ್ಟರು. ಮೊದಲು ಮನೆ ಭೇಟಿ, ವರ್ಷ ತುಂಬಿದ ಮೇಲೆ ಶಿಶುಕೇಂದ್ರದಲ್ಲಿ ಆಟ ಪಾಠ, ತಂದೆ ತಾಯಿಗೆ ಸಭೆ. ಮೂರನೆಯ ವಯಸ್ಸಿಗೆ ಎರಡು ಕಿಲೋ ಮೇಲ್ಪಟ್ಟು ಹುಟ್ಟಿದವರ ಬುದ್ಧಿಮತ್ತೆ ಆರೈಕೆ ಸಿಗದವರಿಗಿಂತ 13 ಅಂಕ ಹೆಚ್ಚಿತ್ತು; ಇನ್ನೂ ಹಗುರಾದವರದು 6-7 ಅಂಕ. ಕಾರ್ಯಕ್ರಮ ನಿಂತ ಮೇಲೆ ಲಾಭ ಕರಗಿತು. ತೂಕ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಒಂದಿಷ್ಟು 18ನೇ ವಯಸ್ಸಿನವರೆಗೂ ಉಳಿಯಿತು. ಮೂರಕ್ಕೆ ನಿಲ್ಲಿಸಬಾರದಿತ್ತು ಎಂಬುದೇ ಇದರಿಂದ ತಿಳಿಯುವುದು.

ಇದಕ್ಕೆ ಬೇಕಾದ ವ್ಯವಸ್ಥೆ ನಮ್ಮಲ್ಲಿ ಹೊಸದಾಗಿ ಹುಟ್ಟಬೇಕಾಗಿಲ್ಲ. 1975ರಲ್ಲಿ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಆರಂಭವಾದವು. ಇಂದು ಹಳ್ಳಿ ಹಳ್ಳಿಯಲ್ಲಿ ಅಂಗನವಾಡಿ ಇದೆ, ಚಿಲಿಪಿಲಿ ಎಂಬ ಚಟುವಟಿಕೆಯ ಪುಸ್ತಕವಿದೆ. 1951ರ ತೋಟ ಕಾರ್ಮಿಕರ ಕಾಯ್ದೆ 50 ಮತ್ತು ಹೆಚ್ಚು ಮಹಿಳೆಯರು ದುಡಿಯುವ ತೋಟಗಳಲ್ಲಿ ಶಿಶುಗೃಹ ಇರಬೇಕೆಂದಿತ್ತು. ಸಣ್ಣ ತೋಟಗಳೇ ಹೆಚ್ಚಿರುವ ಇಲ್ಲಿ ಅದರ ಪ್ರಯೋಜನ ಸಿಕ್ಕಿದ್ದು ಕೆಲವರಿಗೆ. ಗ್ರಾಮ ಪಂಚಾಯಿತಿಗಳ ಶಿಶುಗೃಹವಾದ ‘ಕೂಸಿನ ಮನೆ’ ಆ ಕೊರತೆ ತುಂಬಬಲ್ಲದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು, ಬೆಳವಣಿಗೆ ಕುಂಠಿತವಾದ ಮಕ್ಕಳನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಶಾಲೆಗೆ ಬಂದ ಮೇಲೆ ನಲಿ-ಕಲಿ ಇದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತುತ್ತದೆ. ನಿಧಾನವಾಗಿ ಕಲಿಯುವ ದಿನ ತುಂಬದ ಮಗುವಿಗೆ ಇದಕ್ಕಿಂತ ಒಪ್ಪುವ ಪದ್ಧತಿ ಇನ್ನೊಂದಿಲ್ಲ. ಆದರೆ ಅಂಥ ಮಗುವನ್ನು ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಲ್ಲಿ (ನಲಿ-ಕಲಿಯ ಮಾತಿನಲ್ಲಿ ‘ತಟ್ಟೆ’) ಹೆಚ್ಚು ದಿನ ಕೂರಿಸಬೇಕು, ಒಂದು ಸಲಕ್ಕೆ ಒಂದೇ ಸೂಚನೆ ಕೊಡಬೇಕು, ಬರೆಯಲು ಹೆಚ್ಚು ಹೊತ್ತು ಬಿಡಬೇಕು. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಎಂಟು ವರ್ಷಕ್ಕೆ ಮುಂಚೆ ಸಿಗುವುದಿಲ್ಲ. ಅಲ್ಲಿಯವರೆಗೆ ಕಾಯುತ್ತ ಕೂತರೆ ಅಡಿಪಾಯದ ವರ್ಷಗಳೇ ಮುಗಿದಿರುತ್ತವೆ.

ಇಷ್ಟೆಲ್ಲ ಇದ್ದೂ ಕೆಲಸ ಆಗದಿರುವುದಕ್ಕೆ ಕಾರಣ, ಮಗು ಎಷ್ಟನೇ ವಾರಕ್ಕೆ ಹುಟ್ಟಿತು ಎಂಬ ಮಾಹಿತಿ ಆಸ್ಪತ್ರೆಯಿಂದ ಶಾಲೆಯವರೆಗೆ ಬರುವುದೇ ಇಲ್ಲ. ಪ್ರವೇಶದ ಅರ್ಜಿ ಹುಟ್ಟಿದ ದಿನ ಕೇಳುತ್ತದೆ, ಜಾತಿ ಕೇಳುತ್ತದೆ, ಆಧಾರ್ ಕೇಳುತ್ತದೆ, ಇದನ್ನು ಕೇಳುವುದಿಲ್ಲ. ತಾಯಿ ಕಾರ್ಡಿನಲ್ಲಿ ಹೆರಿಗೆಯಾಗಬೇಕಿದ್ದ ದಿನವನ್ನೂ ಆದ ದಿನವನ್ನೂ ಬರೆದಿರುತ್ತಾರೆ. ಅವೆರಡರ ನಡುವಿನ ಅಂತರ ಎಣಿಸಲು ಅರ್ಧ ನಿಮಿಷ ಸಾಕು. ಗೋಣಿಬೀಡು ಹೋಬಳಿಯ ತಾಯಂದಿರು ಮಗುವಿನ ಕೈ ಹಿಡಿದು ಅಂಗನವಾಡಿಗೆ ಹೋಗುವ ದಿನ ಜನನ ಪ್ರಮಾಣಪತ್ರದ ಜೊತೆಗೆ ಆ ಕಾರ್ಡನ್ನೂ ಒಯ್ಯಬೇಕು. ಕಾರ್ಯಕರ್ತೆ ಅದನ್ನು ನೋಡಿ ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ವಾರದ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಒಂದನೇ ತರಗತಿಗೆ ಕಳಿಸುವಾಗ ಅದನ್ನು ಮೇಷ್ಟ್ರಿಗೆ ತಿಳಿಸಬೇಕು.